ಚಂದ್ರ, ಕುಂಬ್ಳೆ ಮತ್ತು ಅವರ ಜತೆಗಾರರು

ತಿಕೋಟಾ ತಾಲ್ಲೂಕಿನ ಹೊನವಾಡವಿರಲಿ, ಬೆಂಗಳೂರಿನ ಬಸವನಗುಡಿಯಿರಲಿ, ನಾಲ್ಕು ಮಂದಿ ಕ್ರಿಕೆಟ್ ಪ್ರಿಯರು ಚಹಾದಂಗಡಿಯಲ್ಲಿ ಸೇರಿದರೆ ಒಂದು ವಾದ ಏಳದೆ ಇರುವುದಿಲ್ಲ. ಬಿ.ಎಸ್. ಚಂದ್ರಶೇಖರ್ ದೊಡ್ಡ ಬೌಲರೋ, ಅನಿಲ್ ಕುಂಬ್ಳೆ ದೊಡ್ಡ ಬೌಲರೋ? ರೇಡಿಯೋಗೆ ಕಿವಿಗೊಟ್ಟು ಬೆಳೆದ ಹಿರಿಯರು ಚಂದ್ರ ಎನ್ನುತ್ತಾರೆ. ಟಿ.ವಿ. ನೋಡಿ ಬೆಳೆದವರು ಕುಂಬ್ಳೆ ಎನ್ನುತ್ತಾರೆ. ಚಂದ್ರ ಪಡೆದದ್ದು 242 ವಿಕೆಟ್, ಕುಂಬ್ಳೆ ಪಡೆದದ್ದು 619. ಇನ್ನು ಮಾತೇಕೆ ಎಂದು ಕಿರಿಯರು ವಾದ ಮುಗಿಸಲು ನೋಡುತ್ತಾರೆ. ಆದರೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ.

ಮೊದಲು ಅಂಕಿಗಳನ್ನೇ ನೋಡೋಣ. ಚಂದ್ರಶೇಖರ್ 1964ರಿಂದ 1979ರವರೆಗೆ ಆಡಿದ ಟೆಸ್ಟ್‌ಗಳು 58. ಕುಂಬ್ಳೆ 1990ರಿಂದ 2008ರವರೆಗೆ ಆಡಿದ್ದು 132. ಅವಧಿಯಲ್ಲಿ ಹೆಚ್ಚಿನ ಅಂತರವಿಲ್ಲ, ಪಂದ್ಯಗಳಲ್ಲಿ ಎರಡು ಪಟ್ಟಿಗೂ ಮಿಕ್ಕಿದ ಅಂತರವಿದೆ. ಒಂದು ವಿಕೆಟ್‌ಗೆ ಚಂದ್ರ ಕೊಟ್ಟದ್ದು ಸರಾಸರಿ 29.74 ರನ್, ಕುಂಬ್ಳೆ ಕೊಟ್ಟದ್ದು 29.65. ಎರಡು ಕಾಲಗಳ ಇಬ್ಬರು ಕನ್ನಡಿಗರು ತೆತ್ತ ಬೆಲೆ ಹೆಚ್ಚು ಕಡಿಮೆ ಒಂದೇ. ಹಾಗಾದರೆ ಇಬ್ಬರ ನಡುವಿನ ವ್ಯತ್ಯಾಸ ಎಲ್ಲಿದೆ? ಅದನ್ನು ಬೌಲರ್‌ನ ಬೆರಳಿನಲ್ಲಿ ಮಾತ್ರ ಹುಡುಕಿದರೆ ಸಾಲದು. ಅವನ ಸುತ್ತ ನಿಂತವರಲ್ಲೂ ಹುಡುಕಬೇಕು.

ಇದಕ್ಕೆ ಒಳ್ಳೆಯ ನಿದರ್ಶನ ಇನ್ನೊಬ್ಬ ಕನ್ನಡಿಗ ಎರಪಳ್ಳಿ ಪ್ರಸನ್ನ. ಎಂಜಿನಿಯರಿಂಗ್ ಓದಿಗಾಗಿ ಐದು ವರ್ಷ ಟೆಸ್ಟ್‌ನಿಂದ ದೂರ ಉಳಿದಿದ್ದ ಅವರು 1967ರಲ್ಲಿ ಮರಳಿದರು. 1967-68ರಲ್ಲಿ ಪಟೌಡಿ ನಾಯಕತ್ವದ ತಂಡದೊಡನೆ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೆ ಹೋದರು. ಆಸ್ಟ್ರೇಲಿಯದ ನಾಲ್ಕು ಟೆಸ್ಟ್‌ಗಳಲ್ಲಿ ಅವರಿಗೆ 25 ವಿಕೆಟ್ ದೊರೆಯಿತು. ಭಾರತ ನಾಲ್ಕನ್ನೂ ಸೋತಿತು. ಅಲ್ಲಿಂದ ನ್ಯೂಜಿಲೆಂಡ್‌ಗೆ ಹೋಗಿ ನಾಲ್ಕು ಟೆಸ್ಟ್‌ಗಳಲ್ಲಿ 24 ವಿಕೆಟ್ ಪಡೆದರು; ಭಾರತ 3-1ರಿಂದ ಗೆದ್ದಿತು. ವಿದೇಶದ ನೆಲದಲ್ಲಿ ಭಾರತ ಗೆದ್ದ ಮೊದಲ ಸರಣಿ ಅದು. ಬೌಲರ್ ಅವನೇ, ವಿಕೆಟ್‌ಗಳೂ ಹೆಚ್ಚು ಕಡಿಮೆ ಅಷ್ಟೇ. ಎದುರಾಳಿ ಬದಲಾದ, ತನ್ನ ತಂಡದ ಆಟವೂ ಬದಲಾಯಿತು. ಚರಿತ್ರೆಯಲ್ಲಿ ಒಂದು ಸೋಲಾಗಿ, ಇನ್ನೊಂದು ಗೆಲುವಾಗಿ ದಾಖಲಾಯಿತು.

ಚಂದ್ರಶೇಖರ್ ಹೆಸರು ಮನೆಮಾತಾದದ್ದು 1971ರ ಆಗಸ್ಟ್‌ನಲ್ಲಿ. ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ರನ್‌ಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಉರುಳಿತು. ಎಳವೆಯಲ್ಲಿ ಪೋಲಿಯೋಗೆ ತುತ್ತಾದ ಬಲಗೈಯಿಂದಲೇ ಅವರು ಆ ವೇಗದ ಗೂಗ್ಲಿ ಎಸೆಯುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತು. ಅದೇ ಇನಿಂಗ್ಸ್‌ನಲ್ಲಿ ಏಕನಾಥ ಸೋಲ್ಕರ್ ಮಾಡಿದ್ದನ್ನು ನೆನೆಯುವವರು ಕಡಿಮೆ. ಚಂದ್ರ ಅವರ ಎಸೆತದಲ್ಲಿ ಫ್ಲೆಚರ್ ಕೊಟ್ಟ ಕ್ಯಾಚನ್ನೂ, ವೆಂಕಟರಾಘವನ್ ಎಸೆತದಲ್ಲಿ ಅಲನ್ ನಾಟ್ ಕೊಟ್ಟ ಕ್ಯಾಚನ್ನೂ ಹಿಡಿದವರು ಅವರೇ. ಹೆಲ್ಮೆಟ್ ಇಲ್ಲದ ಕಾಲದಲ್ಲಿ ದಾಂಡಿಗನ ಮೊಗದ ಮುಂದೆಯೇ ನಿಂತು ಸೋಲ್ಕರ್ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದರು. ಇನ್ನು ಗೆಲ್ಲಲು ಬೇಕಾದ 173 ರನ್ನುಗಳನ್ನು ಗಳಿಸಬೇಕಾದವರು ದಾಂಡಿಗರು. ಆ ಗುರಿಯತ್ತ ಗುಂಡಪ್ಪ ವಿಶ್ವನಾಥ್ ಸೇರಿಸಿದ್ದು 33. ಆ ರನ್ನುಗಳು ಬಾರದೆ ಹೋಗಿದ್ದರೆ ಚಂದ್ರ ಅವರ ಆರು ವಿಕೆಟ್ ಒಂದು ಸೋಲಿನ ಅಡಿಟಿಪ್ಪಣಿಯಾಗಿ ಉಳಿಯುತ್ತಿತ್ತು.

ಆ ಕಾಲದ ಇನ್ನೊಂದು ವಿಶೇಷ ಎಂದರೆ ಪಾಲುದಾರಿಕೆ. ಬೇಡಿ 266, ಚಂದ್ರಶೇಖರ್ 242, ಪ್ರಸನ್ನ 189, ವೆಂಕಟರಾಘವನ್ 156. ನಾಲ್ವರೂ ಸೇರಿ 853 ವಿಕೆಟ್. ಒಂದು ತುದಿಯಲ್ಲಿ ಚಂದ್ರ ಇದ್ದರೆ ಇನ್ನೊಂದು ತುದಿಯಲ್ಲಿ ಬೇಡಿಯೋ ಪ್ರಸನ್ನರೋ ಇರುತ್ತಿದ್ದರು. ಇದರಿಂದ ದಾಂಡಿಗನಿಗೆ ಬಿಡುವಿರಲಿಲ್ಲ, ಆದರೆ ಬರುವ ವಿಕೆಟ್‌ಗಳನ್ನು ಹಂಚಿಕೊಳ್ಳಬೇಕಿತ್ತು. ತಂಡದಲ್ಲಿ ಜಾಗಕ್ಕೂ ಪೈಪೋಟಿ ಇತ್ತು. ನಾಲ್ವರೂ ಒಟ್ಟಿಗೆ ಟೆಸ್ಟ್ ಆಡಿದ್ದು ಒಂದೇ ಒಂದು ಸಲ, 1967ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ. ಒಳ್ಳೆಯ ಜತೆಗಾರ ನೆರವೂ ಹೌದು, ಪಾಲುಗಾರನೂ ಹೌದು.

ಕುಂಬ್ಳೆ ಕಾಲಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಅವರೊಬ್ಬರೇ ಪಡೆದರು. 74 ರನ್‌ಗೆ 10 ವಿಕೆಟ್. 1956ರಲ್ಲಿ ಜಿಮ್ ಲೇಕರ್ ಮಾಡಿದ ಸಾಧನೆಯ ನಂತರ ಟೆಸ್ಟ್‌ನಲ್ಲಿ ಅದು ಎರಡನೆಯದು. ಒಬ್ಬನೇ ಎಂದು ಹೇಳಲು ಇದಕ್ಕಿಂತ ದೊಡ್ಡ ಉದಾಹರಣೆ ಸಿಗದು. ಆದರೆ ಅಂದಿನ ಅಂಕಪಟ್ಟಿ ಬೇರೆಯದನ್ನೂ ಹೇಳುತ್ತದೆ. ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯು, ಎರಡು ಬೌಲ್ಡ್. ಉಳಿದ ಐದು ಕ್ಯಾಚ್‌ಗಳು: ಲಕ್ಷ್ಮಣ್ ಎರಡು, ಮೊಂಗಿಯಾ, ಗಂಗೂಲಿ, ದ್ರಾವಿಡ್ ಒಂದೊಂದು. ಒಂಬತ್ತು ವಿಕೆಟ್ ಬಿದ್ದ ಮೇಲೆ ಮೈಸೂರಿನ ಜಾವಗಲ್ ಶ್ರೀನಾಥ್ ತಮಗೆ ವಿಕೆಟ್ ಬಾರದಿರಲೆಂದು ಚೆಂಡನ್ನು ದಾಂಡಿಗನಿಂದ ದೂರಕ್ಕೆ ಎಸೆದರು. 236 ಟೆಸ್ಟ್ ವಿಕೆಟ್ ಪಡೆದ ಬೌಲರ್ ಒಬ್ಬ ಗೆಳೆಯನಿಗಾಗಿ ಮಾಡಿದ ತ್ಯಾಗ ಅದು.

ಕುಂಬ್ಳೆ ಎಸೆತ, ದ್ರಾವಿಡ್ ಕ್ಯಾಚ್ ಎಂಬುದು ಟೆಸ್ಟ್ ಅಂಕಪಟ್ಟಿಯಲ್ಲಿ 55 ಸಲ ಬರುತ್ತದೆ. ಸ್ಲಿಪ್‌ನಲ್ಲಿ ಆ ಕೈಗಳಿವೆ ಎಂಬ ಭರವಸೆಯೇ ಬೌಲರ್‌ಗೆ ಧೈರ್ಯ. ಅದಕ್ಕಿಂತಲೂ ದೊಡ್ಡ ನೆರವು ದ್ರಾವಿಡ್ ಬ್ಯಾಟಿನಿಂದ ಬಂತು. 2002ರಲ್ಲಿ ಲೀಡ್ಸ್‌ನಲ್ಲಿ ದ್ರಾವಿಡ್ 148 ಗಳಿಸಿದರು, ಕುಂಬ್ಳೆ ಏಳು ವಿಕೆಟ್ ಪಡೆದರು. 2006ರಲ್ಲಿ ಕಿಂಗ್‌ಸ್ಟನ್‌ನಲ್ಲಿ ದ್ರಾವಿಡ್ 81 ಮತ್ತು 68 ಗಳಿಸಿದರು, ಕುಂಬ್ಳೆ 78 ರನ್‌ಗೆ ಆರು ವಿಕೆಟ್ ಕಿತ್ತರು. ವೆಸ್ಟ್ ಇಂಡೀಸ್‌ನಲ್ಲಿ 35 ವರ್ಷಗಳ ನಂತರ ಭಾರತ ಸರಣಿ ಗೆದ್ದದ್ದು ಹೀಗೆ.

ಭಾರತ ಗೆದ್ದ ಟೆಸ್ಟ್‌ಗಳನ್ನು ಮಾತ್ರ ಬೇರೆ ತೆಗೆದು ನೋಡಿದರೆ ವಾದಕ್ಕೆ ಹೊಸ ಬೆಳಕು ಸಿಗುತ್ತದೆ. ಚಂದ್ರ ಆಡಿದ 58ರಲ್ಲಿ ಭಾರತ ಗೆದ್ದದ್ದು 14. ಅವುಗಳಲ್ಲಿ ಅವರ ವಿಕೆಟ್ 98. ಪಂದ್ಯಕ್ಕೆ ಏಳು. ಕುಂಬ್ಳೆ ಆಡಿದ 132ರಲ್ಲಿ ಗೆದ್ದದ್ದು 43. ಅವುಗಳಲ್ಲಿ ಅವರ ವಿಕೆಟ್ 288. ಪಂದ್ಯಕ್ಕೆ ಸುಮಾರು 6.7. ಗೆಲುವಿನ ದಿನ ಇಬ್ಬರ ಕೆಲಸವೂ ಸರಿಸುಮಾರು ಸಮ. ಆದರೆ ಒಬ್ಬರಿಗೆ ಗೆಲುವು ಬಂದದ್ದು ನಾಲ್ಕು ಪಂದ್ಯಕ್ಕೊಮ್ಮೆ, ಇನ್ನೊಬ್ಬರಿಗೆ ಮೂರು ಪಂದ್ಯಕ್ಕೊಮ್ಮೆ. ಕುಂಬ್ಳೆ ಬೆನ್ನಿಗೆ ಸಚಿನ್, ದ್ರಾವಿಡ್, ಲಕ್ಷ್ಮಣ್, ಸೆಹವಾಗ್ ಅವರ ರನ್ನುಗಳಿದ್ದವು. ಚಂದ್ರ ಅವರ ಕಾಲದಲ್ಲಿ ಆ ಭಾರ ಹೆಚ್ಚಾಗಿ ಗಾವಸ್ಕರ್, ವಿಶ್ವನಾಥ್ ಇಬ್ಬರ ಹೆಗಲ ಮೇಲಿತ್ತು.

ಈ ಜಗಳ ಕ್ರಿಕೆಟ್‌ಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೈಕೆಲ್ ಜೋರ್ಡನ್ ಅವರನ್ನು ಹಳಬರೊಡನೆ ಹೋಲಿಸುವಾಗಲೂ ಇದೇ ಪ್ರಶ್ನೆ ಬರುತ್ತದೆ. ಷಿಕಾಗೋ ಬುಲ್ಸ್ ತಂಡ 1991ರಿಂದ 1998ರೊಳಗೆ ಗೆದ್ದ ಆರೂ ಪ್ರಶಸ್ತಿಗಳಲ್ಲಿ ಜೋರ್ಡನ್ ಪಕ್ಕದಲ್ಲಿ ಸ್ಕಾಟಿ ಪಿಪೆನ್ ಇದ್ದರು. 1992-93ರ ಲೀಗ್‌ನಲ್ಲಿ ಆ ತಂಡ 57 ಪಂದ್ಯ ಗೆದ್ದಿತು. ಮರುವರ್ಷ ಜೋರ್ಡನ್ ಆಟ ಬಿಟ್ಟಿದ್ದರು. ಆದರೂ ತಂಡ 55 ಪಂದ್ಯ ಗೆದ್ದಿತು. ಜತೆಗಾರರು ಎಷ್ಟು ಸಮರ್ಥರು ಎಂಬುದು ಆಗ ತಿಳಿಯಿತು. ಆದರೆ ಆ ವರ್ಷ ಪ್ರಶಸ್ತಿ ಮಾತ್ರ ಕೈಗೆ ಬರಲಿಲ್ಲ. ಜೋರ್ಡನ್ ಯಾರು ಎಂಬುದೂ ಆಗಲೇ ತಿಳಿಯಿತು.

ಕರ್ನಾಟಕದ ಕ್ರಿಕೆಟ್ ಈ ಪಾಠವನ್ನು 1974ರಲ್ಲೇ ಕಲಿತಿತ್ತು. ಸತತ ಹದಿನೈದು ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿ ತಂಡವನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕರ್ನಾಟಕ ಮೊದಲ ಇನಿಂಗ್ಸ್ ಮುನ್ನಡೆಯಿಂದ ಹೊರದೂಡಿತು. ನಾಯಕ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಎಸೆತ ಇಂದಿಗೂ ಮಾತಿನಲ್ಲಿದೆ. ಆದರೆ ಮೊದಲು ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಗಳಿಸಿದ್ದರು. ಅಜಿತ್ ವಾಡೇಕರ್ ರನೌಟ್ ಆಗಿದ್ದರು. ಆಮೇಲೆ ಜೈಪುರದ ಫೈನಲ್ ಗೆದ್ದು ರಾಜ್ಯ ಮೊದಲ ಬಾರಿಗೆ ಟ್ರೋಫಿ ತಂದಿತು.

ಒಮ್ಮೊಮ್ಮೆ ನಾಯಕನೇ ಸಹನಟನಾಗಬೇಕಾಗುತ್ತದೆ. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್ ದಾಳಿಗೆ ಎದೆಯೊಡ್ಡಿ ವಿಶ್ವನಾಥ್ ಶತಕದತ್ತ ಸಾಗಿದ್ದಾಗ ಕೊನೆಯವರಾಗಿ ಬಂದವರು ಚಂದ್ರಶೇಖರ್. ಅವರ ಗಳಿಕೆ 1. ವಿಶ್ವನಾಥ್ ಅಜೇಯ 97ಕ್ಕೆ ನಿಂತರು. ಭಾರತ ಆ ಪಂದ್ಯ ಗೆದ್ದಿತು. 1996ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯ ವಿರುದ್ಧ ಸಚಿನ್ 88 ಗಳಿಸಿ ಔಟಾದ ಮೇಲೆ ಪಂದ್ಯ ಗೆಲ್ಲಿಸಿದ್ದು ಇಬ್ಬರು ಬೌಲರ್‌ಗಳ ಬ್ಯಾಟು: ಶ್ರೀನಾಥ್ ಮತ್ತು ಕುಂಬ್ಳೆ.

ಇಷ್ಟೆಲ್ಲ ಹೇಳಿದರೂ ಒಬ್ಬನ ಹಿರಿಮೆ ಕಡಿಮೆಯಾಗುವುದಿಲ್ಲ. ಪೋಲಿಯೋ ತಗುಲಿದ ಕೈಯನ್ನೇ ಅಸ್ತ್ರ ಮಾಡಿಕೊಂಡದ್ದು ಚಂದ್ರ ಒಬ್ಬರೇ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಲಾರಾ ಅವರನ್ನು ಔಟ್ ಮಾಡಿದ್ದು ಕುಂಬ್ಳೆ ಒಬ್ಬರೇ. ಅದನ್ನು ಯಾವ ಜತೆಗಾರನೂ ಅವರಿಗೆ ಕೊಡಲಾರ. ಆದರೆ ಇಬ್ಬರನ್ನೂ ತಕ್ಕಡಿಗೆ ಹಾಕುವವರು 242 ಮತ್ತು 619ನ್ನು ಮಾತ್ರ ಇಟ್ಟರೆ ತೂಕ ತಪ್ಪುತ್ತದೆ. ಸೋಲ್ಕರ್ ಅವರ 53 ಕ್ಯಾಚ್, ದ್ರಾವಿಡ್ ಹಿಡಿದ ಆ 55 ಕ್ಯಾಚ್, ವಿಶ್ವನಾಥ್ ಗಳಿಸಿದ 33 ರನ್, ಶ್ರೀನಾಥ್ ಬೇಕೆಂದೇ ಬಿಟ್ಟುಕೊಟ್ಟ ಒಂದು ವಿಕೆಟ್, ಇವನ್ನೂ ತಕ್ಕಡಿಯಲ್ಲಿ ಇಡಬೇಕು. ಆಗ ಚಹಾದಂಗಡಿಯ ವಾದ ಮುಗಿಯದೆ ಇರಬಹುದು, ನ್ಯಾಯವಾಗಿಯಂತೂ ನಡೆದೀತು.