ಹಿತ್ತಾಳೆ ತಂತಿಯಿಂದ ಶುರುವಾದ ಹುಡುಕಾಟ

ಹಸಿರು ಹೈಡ್ರೋಜನ್ ಅನ್ನೋ ಹೆಸರು ಹೊಸದು. ಕರೆಂಟು ಹರಿಸಿ ನೀರನ್ನು ಒಡೆಯುವ ವಿದ್ಯೆ ಮಾತ್ರ ಇನ್ನೂರು ವರ್ಷಕ್ಕೂ ಹಳೆಯದು. ಅದರ ಖರ್ಚಿನ ತಕರಾರೂ ಅಷ್ಟೇ ಹಳೆಯದು.

1800ರ ಮೇ ತಿಂಗಳು, ಲಂಡನ್. ಇಟಲಿಯ ವೋಲ್ಟಾ ಮಾಡಿದ ಬ್ಯಾಟರಿಯ ಸುದ್ದಿ ಆಗಷ್ಟೇ ಅಲ್ಲಿಗೆ ಮುಟ್ಟಿತ್ತು. ವಿಲಿಯಂ ನಿಕಲ್ಸನ್ ಮತ್ತು ಆಂಥೊನಿ ಕಾರ್ಲೈಲ್ ಅಂಥದ್ದೇ ಒಂದನ್ನು ಜೋಡಿಸಿ, ಅದರ ಎರಡು ಹಿತ್ತಾಳೆ ತಂತಿಗಳನ್ನು ನೀರಿಗೆ ಇಳಿಬಿಟ್ಟರು. ಒಂದು ತಂತಿಯಲ್ಲಿ ಹೈಡ್ರೋಜನ್ ಗುಳ್ಳೆಗಳು ಎದ್ದವು. ಇನ್ನೊಂದರಲ್ಲಿ ಗುಳ್ಳೆಯೇ ಇಲ್ಲ, ತಂತಿಯ ಬಣ್ಣ ಕೆಟ್ಟು ಅದು ಸವೆಯತೊಡಗಿತು. ಅಲ್ಲಿ ಹೊರಬರಬೇಕಿದ್ದ ಆಮ್ಲಜನಕ ಹಿತ್ತಾಳೆಯನ್ನೇ ತಿನ್ನುತ್ತಿತ್ತು. ಪ್ಲಾಟಿನಂ ತಂತಿ ಹಾಕಿದ ಮೇಲೆ ಎರಡೂ ಕಡೆ ಗುಳ್ಳೆ ಬಂತು. ಇವತ್ತಿನ ಸಮಸ್ಯೆ ಅವತ್ತೇ ಕಣ್ಣೆದುರು ನಿಂತಿತ್ತು ನೋಡಿ: ಅಗ್ಗದ ಲೋಹ ಬಾಳೋದಿಲ್ಲ, ಬಾಳುವ ಲೋಹ ಅಗ್ಗವಲ್ಲ.

ಕಾರ್ಖಾನೆಯವರು ಇದಕ್ಕೊಂದು ಉಪಾಯ ಕಂಡುಕೊಂಡರು. ನೀರಿಗೆ ಕ್ಷಾರ ಬೆರೆಸಿದರೆ ನಿಕ್ಕಲ್ ತಾಳಿಕೊಳ್ಳುತ್ತದೆ. ನಾರ್ವೆಯ ವೆಮೋರ್ಕ್‌ನಲ್ಲಿ 1929ರಲ್ಲಿ ಜಲವಿದ್ಯುತ್ತಿನಿಂದ ನೀರು ಒಡೆದು, ಗೊಬ್ಬರಕ್ಕೆ ಬೇಕಾದ ಹೈಡ್ರೋಜನ್ ತೆಗೆಯುವ ದೊಡ್ಡ ಘಟಕ ಶುರುವಾಯಿತು. ನಮ್ಮ ದೇಶದಲ್ಲೂ 1960ರ ದಶಕದಲ್ಲಿ ಪಂಜಾಬಿನ ನಂಗಲ್ ಗೊಬ್ಬರ ಕಾರ್ಖಾನೆ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ಇದೇ ಕೆಲಸ ಮಾಡಿತು. ಹಾಗಾದರೆ ಈ ಪದ್ಧತಿ ಯಾಕೆ ಮೂಲೆಗೆ ಸರಿಯಿತು? ನಿಕ್ಕಲ್ ಕೈಕೊಟ್ಟಿತು ಅಂತಲ್ಲ. ತೈಲ ಮತ್ತು ನೈಸರ್ಗಿಕ ಅನಿಲದಿಂದ ಹೈಡ್ರೋಜನ್ ತೆಗೆಯೋದು ಅಗ್ಗವಾಯಿತು. ಅಣೆಕಟ್ಟಿನ ಕರೆಂಟಿಗೆ ಬೇರೆ ಕಡೆಯಿಂದಲೂ ಬೇಡಿಕೆ ಬಂತು.

ಇಲ್ಲಿ ವೇಗವರ್ಧಕದ ಪಾತ್ರ ಏನು? ಲೆಕ್ಕದ ಪ್ರಕಾರ ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 39 ಯೂನಿಟ್ ಕರೆಂಟು ಸಾಕು. ನಿಜವಾಗಿ 50ಕ್ಕೂ ಹೆಚ್ಚು ಖರ್ಚಾಗುತ್ತದೆ. ಈ ನಷ್ಟದಲ್ಲಿ ದೊಡ್ಡ ಪಾಲು ಆಮ್ಲಜನಕ ಹುಟ್ಟುವ ಕಡೆಯದು. ಒಳ್ಳೆಯ ವೇಗವರ್ಧಕ ಅದನ್ನು ತಗ್ಗಿಸುತ್ತದೆ.

1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಪ್ಲಾಸ್ಟಿಕ್ಕಿನಂಥ ತೆಳು ಪೊರೆ ಬಳಸುವ ಯಂತ್ರ ರೂಪಿಸಿತು. ಯಂತ್ರ ಚಿಕ್ಕದು, ಚುರುಕು. ಆದರೆ ಒಳಗೆಲ್ಲ ಆಮ್ಲ. ಅಲ್ಲಿ ನಿಕ್ಕಲ್ ಕರಗಿಹೋಗುತ್ತದೆ, ಪ್ಲಾಟಿನಂ ಮತ್ತು ಇರಿಡಿಯಂ ಬೇಕೇ ಬೇಕು. ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಿಗುವ ಹೊಸ ಇರಿಡಿಯಂ ಹತ್ತು ಟನ್ನೂ ಇಲ್ಲ. ಮತ್ತೆ ಲಂಡನ್ನಿನ ಕಥೆಯೇ!

ಅಷ್ಟರಲ್ಲಿ ಕ್ಷಾರದ ಕಡೆಯಿಂದ ಒಂದು ಕುತೂಹಲದ ಸಂಗತಿ ಬಂತು. ನಿಕ್ಕಲ್ ಬ್ಯಾಟರಿ ಮಾಡುವವರಿಗೆ ಕಬ್ಬಿಣದ ಕಲಬೆರಕೆ ಅಂದರೆ ತಲೆನೋವು. ಚಾರ್ಜ್ ಮಾಡುವಾಗ ಕರೆಂಟು ಶೇಖರವಾಗುವ ಬದಲು ಆಮ್ಲಜನಕ ಹೊರಡಿಸಿ ಪೋಲಾಗುತ್ತಿತ್ತು. 1987ರಲ್ಲಿ ಡೆನಿಸ್ ಕಾರಿಗನ್ ಎಂಬ ವಿಜ್ಞಾನಿ ಇದನ್ನು ಕೂಲಂಕಷವಾಗಿ ಅಳೆದು ತೋರಿಸಿದರು: ದ್ರಾವಣದಲ್ಲಿ ಕಬ್ಬಿಣ ಲವಲೇಶ ಇದ್ದರೂ ಸಾಕು, ನಿಕ್ಕಲ್ ಮೇಲೆ ಆಮ್ಲಜನಕ ಬಲು ಸಲೀಸಾಗಿ ಹುಟ್ಟುತ್ತದೆ. ಬ್ಯಾಟರಿಯವರು ಬೈದುಕೊಳ್ಳುತ್ತಿದ್ದ ಕಲ್ಮಶವೇ ನೀರು ಒಡೆಯುವವರಿಗೆ ಬೇಕಾದ ವೇಗವರ್ಧಕ! ಇವತ್ತು ಕ್ಷಾರದಲ್ಲಿ ಕೆಲಸ ಮಾಡುವ ಅಗ್ಗದ ವೇಗವರ್ಧಕಗಳ ಸಾಲಿನಲ್ಲಿ ನಿಕ್ಕಲ್-ಕಬ್ಬಿಣದ ಜೋಡಿಯೇ ಮುಂದಿದೆ.

2023ರಲ್ಲಿ ಶುರುವಾದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿನ ಗುರಿ, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಕಿಲೋಗೆ 50 ಯೂನಿಟ್ ಅಂತ ಹಿಡಿದರೂ 25,000 ಕೋಟಿ ಯೂನಿಟ್ ಬೇಕು. ವೇಗವರ್ಧಕ ಸುಧಾರಿಸಿ ಕಿಲೋಗೆ ಒಂದೇ ಒಂದು ಯೂನಿಟ್ ಉಳಿಸಿದರೆ, ವರ್ಷಕ್ಕೆ 500 ಕೋಟಿ ಯೂನಿಟ್ ಉಳಿತಾಯ. ಚಿಟಿಕೆ ಕಬ್ಬಿಣದ ಬೆಲೆ ತಿಳಿಯೋದು ಇಲ್ಲಿ. ಉಳಿದ ಯೂನಿಟ್ಟುಗಳನ್ನು ಬಿಸಿಲು, ಗಾಳಿಯಿಂದ ಅಗ್ಗವಾಗಿ ತರದಿದ್ದರೆ ಮಾತ್ರ ಎಂಥ ವೇಗವರ್ಧಕ ಇದ್ದರೂ ನಂಗಲ್ ಕಥೆಯೇ ಮರುಕಳಿಸೀತು.