ಕಲ್ಲು ಬಲ್ಲ ಬ್ಯಾಟ್ಸ್‌ಮನ್ ಬಿ. ಜಯರಾಂ

ನಮ್ಮ ಜಿಲ್ಲೆಯ ಕ್ರಿಕೆಟ್ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಚಿತ್ರದುರ್ಗದ ಹಳೇ ಮಾಧ್ಯಮಿಕ ಶಾಲೆ ಮೈದಾನದಿಂದ ಎನ್ನುವವರಿದ್ದಾರೆ. ನಾನು ಬೆಂಗಳೂರಿನ ಬಿ. ಜಯರಾಂ ಅವರಿಂದ ಶುರು ಮಾಡುತ್ತೇನೆ. ಹೊರಗಿನವರು ಎಂದು ದಯವಿಟ್ಟು ತಳ್ಳಿಹಾಕಬೇಡಿ.

ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅದಕ್ಕೂ 21 ವರ್ಷ ಮೊದಲೇ, 1911ರಲ್ಲಿ, ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದ ಅಖಿಲ ಭಾರತ ತಂಡವೊಂದು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿತ್ತು. ಅದಕ್ಕೆ ಹಿಂದೆ 1886 ಮತ್ತು 1888ರಲ್ಲಿ ಹೋಗಿಬಂದವರು ಪಾರ್ಸಿಗಳು ಮಾತ್ರ. ಎಲ್ಲ ಮತದವರೂ ಕೂಡಿದ ಈ ಮೊದಲ ತಂಡದಲ್ಲಿ ಮೈಸೂರು ಸಂಸ್ಥಾನದ ಜಯರಾಂ ಇದ್ದರು. 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ಗೆದ್ದದ್ದು ಎರಡೇ, ಸೋತದ್ದು ಹತ್ತು. ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲು ಪ್ರವಾಸದಲ್ಲಿ ಒಟ್ಟು 114 ವಿಕೆಟ್ ಕಿತ್ತರು. ಈಚೆಗಾದರೂ ಬಾಲು ಅವರನ್ನು ನೆನೆಯುತ್ತಿದ್ದೇವೆ. ಜಯರಾಂ ಹೆಸರು ಮಾತ್ರ ಸ್ಕೋರ್ ಪಟ್ಟಿಯಲ್ಲೇ ಉಳಿದುಹೋಯಿತು. ನನಗೆ ಇದು ನೋವಿನ ಸಂಗತಿ.

ಅವರ ಹೊಟ್ಟೆಪಾಡು ಆಟವಲ್ಲ, ಕಲ್ಲು. 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಯ ಅಧಿಕಾರಿ ಅವರು. ಸಂಸ್ಥಾನದ ಗುಡ್ಡ, ಹಳ್ಳ, ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಅಳೆದು ನಕ್ಷೆ ಬರೆದ ಇಲಾಖೆ ಅದು. ನಮ್ಮ ಜಿಲ್ಲೆಯ ಇಂಗಳದಾಳಿನ ತಾಮ್ರ, ಹೊಸದುರ್ಗದ ಮ್ಯಾಂಗನೀಸ್, ಹಿರಿಯೂರು ದಾರಿಯ ಮರಡಿಹಳ್ಳಿಯ ದಿಂಬುಕಲ್ಲು, ಇವೆಲ್ಲ ಅದರ ಸೀಮೆಯೊಳಗೇ ಬರುತ್ತವೆ. ಮರಡಿಹಳ್ಳಿಗೆ ಒಮ್ಮೆ ಹೋಗಿ ನೋಡಿ. 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಉಕ್ಕಿದ ಲಾವಾ ದಿಂಬು ಪೇರಿಸಿಟ್ಟ ಹಾಗೆ ಉಬ್ಬಿ ಗಟ್ಟಿಯಾಗಿದೆ. ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಕೈ ಇಟ್ಟಾಗಲೆಲ್ಲ ನನಗೆ ಈ ಬ್ಯಾಟ್ಸ್‌ಮನ್ ನೆನಪಾಗುತ್ತಾರೆ.

ಹುಡುಗರಾಗಿದ್ದಾಗ ನಾವು ಹೊಳಲ್ಕೆರೆಯಲ್ಲಿ ಬೇಸಿಗೆಗೆ ಒಣಗಿದ ಕೆರೆ ಅಂಗಳದಲ್ಲಿ ಕಲ್ಲು ಪೇರಿಸಿ ವಿಕೆಟ್ ಮಾಡುತ್ತಿದ್ದೆವು. ಚೆಂಡು ತಾಗಿದರೆ ಮೇಲಿನ ಕಲ್ಲು ಉರುಳಬೇಕು, ಉರುಳದಿದ್ದರೆ ಔಟಲ್ಲ. ಆ ಕಪ್ಪು, ಹಸಿರು ಕಲ್ಲುಗಳಿಗೂ ಹೆಸರಿದೆ, ವಯಸ್ಸಿದೆ ಎಂದು ನಮಗೆ ಹೇಳಿದವರಿಲ್ಲ. ಹೇಳಬಲ್ಲವರೊಬ್ಬರು ಇಂಗ್ಲೆಂಡಿನಲ್ಲಿ ಬ್ಯಾಟು ಬೀಸಿ ಬಂದಿದ್ದರು ಎಂಬುದೂ ಗೊತ್ತಿರಲಿಲ್ಲ.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷ ಮದರಾಸಿನ ಚೆಪಾಕಿನಲ್ಲಿ ಮೊದಲ ರಣಜಿ ಪಂದ್ಯವಾಡಿದ ನಮ್ಮ ತಂಡ 48 ಮತ್ತು 59ಕ್ಕೆ ಕುಸಿದು ಒಂದೇ ದಿನದಲ್ಲಿ ಸೋತಿತು. ಮೈಸೂರಿನ ಕ್ರಿಕೆಟ್ ಚರಿತ್ರೆಯನ್ನು ಎಲ್ಲರೂ ಅಲ್ಲಿಂದಲೇ ಎಣಿಸುತ್ತಾರೆ. ಅದು 1911ರಿಂದ ಶುರುವಾಗಬೇಕು. ಹಾಗಾಗಿ ಈ ಸಂಚಿಕೆಯ ಆಟಗಾರರ ಪಟ್ಟಿಯಲ್ಲಿ ಮೊದಲ ಹೆಸರಾಗಿ ಬಿ. ಜಯರಾಂ ಎಂದೇ ಬರೆದಿದ್ದೇನೆ.