ಗೇರುಸೊಪ್ಪೆಯ ಹಾಳೂರು

ಜೋಗದ ಕಡೆಯಿಂದ ಘಟ್ಟವಿಳಿದು ಹೊನ್ನಾವರಕ್ಕೆ ಹೋಗುವವರಿಗೆ ಗೇರುಸೊಪ್ಪೆಯು ಹಾದಿಯ ಮೇಲಣ ಸಣ್ಣ ಊರು. ಹಿಂದೆ ಅದು ನಗಿರೆ ರಾಜ್ಯದ ರಾಜಧಾನಿಯಾಗಿದ್ದಿತು. ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದೇ ಕರೆದರು. ಆ ವೈಭವಕ್ಕೆ ಕಾಡಿನೊಳಗಣ ಚತುರ್ಮುಖ ಬಸದಿಯು ಇಂದಿಗೂ ಸಾಕ್ಷಿಯಾಗಿರುವುದು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಪೋರ್ತುಗೀಜ ರಾಯಭಾರಿಯೊಡನೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯನ್ನೇರಿ, ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟನು. ಹೊಳೆಯ ಚೆಲುವಿಗೆ ಬೆರಗಾದವನಿಗೆ ದಡದಲ್ಲಿ ಕಂಡುದು ಪಟ್ಟಣವಲ್ಲ, ಕಾಡು ಕವಿದ ಪಾಳು. ರಾಣಿಯ ಪ್ರಣಯವೇ ನಾಶಕ್ಕೆ ಕಾರಣವೆಂಬ ಕಥೆಯನ್ನು ಅವನು ಕೇಳಿ ಬರೆದಿಟ್ಟನು. ಸೋತವಳ ಶೀಲಕ್ಕೆ ಮಸಿ ಬಳಿಯುವುದು ಗೆದ್ದವರಿಗೆ ಸುಲಭವಷ್ಟೆ! ಅಷ್ಟರಲ್ಲಿ ಗೇರುಸೊಪ್ಪೆಯು ಕೆಳದಿಯವರ ವಶವಾಗಿದ್ದಿತು. ಪೋರ್ತುಗೀಜರು ಮೆಣಸನ್ನು ಕೊಳ್ಳುತ್ತಿದ್ದುದೂ ವೆಂಕಟಪ್ಪನಿಂದಲೇ.